ಮನೆ ನೋಡುವವರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಈ ಗಾದೆಯೊಳಗಿನ ‘ನೋಡು’ ಎಂಬ ಮಾತಿಗೂ ಕಣ್ಣಿನ ಕೆಲಸಕ್ಕೂ ಸಂಬಂಧವಿಲ್ಲವೆಂಬುದನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅನುಭವಿಸಿ ತಿಳಿ, ಕೈ ಸುಟ್ಟುಕೊಂಡು ಕಲಿ ಎಂಬುದೇ ಅದರ ತಾತ್ಪರ್ಯ. ವಿನೋದದ ಸಂಗತಿಯೆಂದರೆ, ಮದುವೆಯ ವಿಷಯದಲ್ಲಿ ನಾವು ಕಣ್ಣಿನಿಂದಲೂ ನೋಡುತ್ತೇವೆ. ಹೆಣ್ಣು ನೋಡುವ ಶಾಸ್ತ್ರವೊಂದು ನಮ್ಮಲ್ಲಿ ಇನ್ನೂ ಉಳಿದಿದೆ; ಗಂಡಿನ ಗುಣಶೀಲಗಳನ್ನು ಊರಿನವರಿಂದ ವಿಚಾರಿಸಿ ತಿಳಿಯುವ ವಾಡಿಕೆಯೂ ಇದೆ. ಮನೆಯ ವಿಷಯದಲ್ಲಿ ಮಾತ್ರ ಗಾದೆಯ ‘ನೋಡು’ ಗಾದೆಯಲ್ಲಿಯೇ ಉಳಿದುಬಿಟ್ಟಿದೆ.

ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟವರ ಕ್ರಮವನ್ನು ವಾಚಕರು ಒಮ್ಮೆ ನೆನೆದುಕೊಳ್ಳಬೇಕು. ಮೊದಲು ವಕೀಲರ ಬಳಿಗೆ ಹೋಗುತ್ತಾರೆ. ಅವರು ಮೂಲಪತ್ರ, ಖಾತೆ, ಕಂದಾಯದ ರಸೀತಿಗಳನ್ನು ತರಿಸಿ, ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ಸಾಲುಸಾಲಾಗಿ ಓದುತ್ತಾರೆ. ಆಮೇಲೆ ವಾಸ್ತು ಬಲ್ಲವರು ಬಂದು ದಿಕ್ಸೂಚಿ ಹಿಡಿದು ಬಾಗಿಲಿನ ದಿಕ್ಕನ್ನು ನಿಷ್ಕರ್ಷೆ ಮಾಡುತ್ತಾರೆ. ಕೊನೆಗೆ ಮನೆಮಂದಿಯೆಲ್ಲ ಒಂದು ಸಂಜೆ ಬಂದು, ಹೊಸ ಬಣ್ಣದ ಗೋಡೆಗಳ ನಡುವೆ ಕಾಫಿ ಕುಡಿದು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿ ಹೊರಡುತ್ತಾರೆ. ಕಾಗದವನ್ನು ನೋಡಿದ್ದಾಯಿತು, ದಿಕ್ಕನ್ನು ನೋಡಿದ್ದಾಯಿತು. ಇಟ್ಟಿಗೆ, ಗಾರೆ, ಮರ, ಕೊಳವೆಗಳಿಂದಾದ ಮನೆಯೆಂಬ ವಸ್ತುವನ್ನು ಮಾತ್ರ ಯಾರೂ ನೋಡಲಿಲ್ಲ.

ಅಮೆರಿಕದಲ್ಲಿ ಮನೆ ಪರೀಕ್ಷಿಸುವುದೇ ಒಂದು ವೃತ್ತಿಯಾಗಿದೆ. ಕೊಳ್ಳುವವನ ಪರವಾಗಿ ಒಬ್ಬ ಪರೀಕ್ಷಕನು ಬಂದು, ಅಟ್ಟದಿಂದ ತಳಪಾಯದವರೆಗೆ ಕಣ್ಣಿಟ್ಟು, ಕಂಡದ್ದನ್ನು ಬರೆದುಕೊಡುತ್ತಾನೆ. 1976ರಲ್ಲಿಯೇ ಅಲ್ಲಿ ಇಂಥ ಪರೀಕ್ಷಕರ ಸಂಘವೊಂದು ಸ್ಥಾಪಿತವಾಯಿತು. ನಮ್ಮ ದೊಡ್ಡ ನಗರಗಳಲ್ಲಿಯೂ ಈಚೆಗೆ ಈ ವೃತ್ತಿ ತಲೆಯೆತ್ತುತ್ತಿದೆ. ಆದರೆ ಮನೆಯ ವಿದ್ಯೆ ನಮಗೆ ಹೊಸದಲ್ಲ. ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ ಎಂಬ ಗ್ರಂಥದಲ್ಲಿ ವಾಸ್ತು, ನೆಲದೊಳಗಿನ ನೀರನ್ನು ಕಾಣುವ ಬಗೆ, ಗಿಡಮರಗಳ ಚಿಕಿತ್ಸೆ, ಅಡುಗೆ ಇವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಮನೆ ಕಟ್ಟುವುದೂ ಸಾರು ಕಾಯಿಸುವುದೂ ಲೋಕಕ್ಕೆ ಸಮಾನವಾಗಿ ಬೇಕಾದ ವಿದ್ಯೆಗಳೆಂದು ತಿಳಿದಿದ್ದ ಕಾಲ ಅದು.

ಮೈಸೂರಿನಲ್ಲಿ ನಮಗೆ ಪರಿಚಿತರಾದ ನಿವೃತ್ತ ಇಂಜಿನಿಯರೊಬ್ಬರು ಹತ್ತಾರು ಜನರಿಗೆ ಈ ಉಪಕಾರ ಮಾಡುತ್ತಿದ್ದಾರೆ. ಹೆಸರು ಬರೆಯುವುದು ಅವರಿಗೆ ಇಷ್ಟವಿಲ್ಲ. ಸೇವೆಯಲ್ಲಿದ್ದಾಗ ಕರಾವಳಿ, ಮಲೆನಾಡು, ಧಾರವಾಡದ ಎರೆನೆಲ ಎಲ್ಲವನ್ನೂ ಸುತ್ತಿದವರು. ಅವರ ಚೀಲದಲ್ಲಿರುವ ಸಾಮಗ್ರಿ ಅತ್ಯಲ್ಪ: ಒಂದು ಟಾರ್ಚು, ಒಂದು ಪುಟ್ಟ ಸುತ್ತಿಗೆ, ಮೇಸ್ತ್ರಿಗಳ ತೂಕದ ಗುಂಡು, ಒಂದು ರಸಮಟ್ಟ, ಮಕ್ಕಳಾಡುವ ನಾಲ್ಕು ಗೋಲಿಗಳು. ಗೋಲಿಯನ್ನು ನೆಲದ ಮೇಲಿಟ್ಟು ಕೈಬಿಟ್ಟರೆ ಅದು ಉರುಳುವ ದಿಕ್ಕನ್ನು ನೋಡಿಯೇ ಮನೆ ಯಾವ ಕಡೆಗೆ ಕುಸಿದಿದೆಯೆಂದು ಊಹಿಸಬಲ್ಲರು. ಜನ ಅವರನ್ನು ‘ಮನೆ ಡಾಕ್ಟರು’ ಎಂದು ಕರೆಯುವುದುಂಟು. ಅವರು ಅದನ್ನು ಒಪ್ಪುವುದಿಲ್ಲ. “ಡಾಕ್ಟರ ಹತ್ತಿರ ರೋಗಿ ತಾನೇ ಬಂದು ನೋವು ಎಲ್ಲಿದೆ ಅಂತ ಹೇಳ್ತಾನೆ, ಮೇಷ್ಟ್ರೆ. ನನ್ನ ರೋಗಿಯ ಪರವಾಗಿ ಮಾತಾಡೋನು ಅದನ್ನ ಮಾರೋಕೆ ಬಂದೋನು” ಎನ್ನುತ್ತಾರೆ.

ಅವರೊಡನೆ ಕೆಲವು ಮನೆಗಳನ್ನು ಸುತ್ತುವ ಅವಕಾಶ ನಮಗೆ ಒದಗಿತು. ಕಂಡದ್ದು, ಕೇಳಿದ್ದು ಎರಡನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತಿದ್ದೇವೆ.

ನೀರಿನ ದಾರಿ

ಮನೆಯ ಕಾಯಿಲೆಗಳಲ್ಲಿ ಹೆಚ್ಚಿನವು ನೀರಿನಿಂದ ಹುಟ್ಟಿದವು. ನೀರು ಕಾಣಿಸಿಕೊಳ್ಳುವ ಜಾಗ ಒಂದು, ಹೊರಟ ಜಾಗ ಇನ್ನೊಂದು. ತಾರಸಿಯ ಒಂದು ಮೂಲೆಯಲ್ಲಿ ಇಳಿದ ಹನಿ ಕಬ್ಬಿಣದ ಸರಳನ್ನೋ ವಿದ್ಯುತ್ ತಂತಿಯ ಕೊಳವೆಯನ್ನೋ ಹಿಡಿದು ಸಾಗಿ, ಹತ್ತು ಹದಿನೈದು ಅಡಿಗಳಾಚೆ ದೀಪದ ಬುಡದಲ್ಲಿ ತೊಟ್ಟಿಕ್ಕುತ್ತದೆ. ಮನೆಯವರು ದೀಪದ ಮೇಲೆಯೇ ಸಿಮೆಂಟು ಮೆತ್ತಿಸುತ್ತಾರೆ. ಮರುವರ್ಷ ಹನಿ ಮತ್ತೊಂದು ಕಡೆ ತಲೆಹಾಕುತ್ತದೆ.

ಮಹಡಿ ಮನೆಯೊಂದರ ಕೆಳಗಿನ ಭಾಗದಲ್ಲಿ ವಿಚಿತ್ರವಾದೊಂದು ತೊಂದರೆಯಿತ್ತು. ದೇವರ ಕೋಣೆಯ ಪಕ್ಕದ ಗೋಡೆ ವಾರದಲ್ಲಿ ಒಂದೇ ದಿನ, ಶುಕ್ರವಾರ, ಬೆವರುತ್ತಿತ್ತು. ಶನಿವಾರ ಸಂಜೆಯ ಹೊತ್ತಿಗೆ ಆರಿ, ಮುಂದಿನ ಶುಕ್ರವಾರದವರೆಗೆ ಒಣಗಿಯೇ ಇರುತ್ತಿತ್ತು. ಶುಕ್ರವಾರ, ಅದೂ ದೇವರ ಕೋಣೆ. ಮನೆಯ ಹಿರಿಯರಿಗೆ ಇದು ಕುಲದೇವತೆಯ ಸೂಚನೆಯಾಗಿ ತೋರಿತು. ಒಂದು ಹರಕೆಯೂ ಸಂದಾಯವಾಯಿತು. ಗೋಡೆ ಮಾತ್ರ ತನ್ನ ನಿಯಮವನ್ನು ಬಿಡಲಿಲ್ಲ. ಇಂಜಿನಿಯರು ಗೋಡೆಯನ್ನು ಮುಟ್ಟಿ ನೋಡಿ, ಮಹಡಿಯವರನ್ನು ಒಂದೇ ಪ್ರಶ್ನೆ ಕೇಳಿದರು: “ಅಮ್ಮ, ನೀವು ಮನೆ ತೊಳೆಯೋದು ಯಾವತ್ತು?” ಮಹಡಿಯ ಗೃಹಿಣಿ ಪ್ರತಿ ಶುಕ್ರವಾರ ಬೆಳಿಗ್ಗೆ ಎಲ್ಲರಿಗೂ ತಲೆಗೆ ನೀರೆರೆದು, ಬಚ್ಚಲಿನಿಂದ ಪಡಸಾಲೆಯವರೆಗೆ ಕೊಡಗಟ್ಟಲೆ ನೀರು ಹಾಕಿ ತೊಳೆಯುವ ಪದ್ಧತಿಯವರು. ಬಚ್ಚಲಿನ ಜಾಲರಿಯ ಕೆಳಗೆ ಕೊಳವೆಯ ಸಂದು ಬಿಟ್ಟುಕೊಂಡಿತ್ತು. ದಿನದ ಸ್ನಾನದ ನೀರು ಸರಾಗವಾಗಿ ಹರಿದುಹೋಗುತ್ತಿತ್ತು. ನೀರು ಹೆಚ್ಚಾಗಿ ಜಾಲರಿಯವರೆಗೆ ನಿಂತ ದಿನ ಮಾತ್ರ ಆ ಸಂದಿನ ಎತ್ತರಕ್ಕೆ ಮುಟ್ಟಿ ಗೋಡೆಗೆ ಇಳಿಯುತ್ತಿತ್ತು. ಮೇಲಿನವರ ಮಡಿ ಕೆಳಗಿನವರಿಗೆ ಮಹಿಮೆಯಾಗಿ ಕಂಡದ್ದು ಹೀಗೆ. ಎರಡೂ ಮನೆಯವರು ಅಂದಿನವರೆಗೆ ಒಬ್ಬರೊಡನೊಬ್ಬರು ಮನೆಯ ಮಾತು ಆಡಿರಲಿಲ್ಲವೆಂಬುದೂ ಆ ದಿನ ಹೊರಬಿತ್ತು.

ಮೇಲಿನಿಂದ ಇಳಿಯುವ ನೀರನ್ನಾದರೂ ಎಲ್ಲರೂ ಬಲ್ಲರು. ಕೆಳಗಿನಿಂದ ಏರುವ ನೀರನ್ನು ಬಲ್ಲವರು ಕಡಿಮೆ. ದೀಪದ ಬತ್ತಿ ಎಣ್ಣೆಯನ್ನು ಹೀರುವ ಹಾಗೆ ಇಟ್ಟಿಗೆಯೂ ಮಣ್ಣೂ ನೆಲದ ತೇವವನ್ನು ಮೇಲಕ್ಕೆ ಹೀರುತ್ತವೆ. ಆ ತೇವದಲ್ಲಿ ನೆಲದ ಲವಣಗಳೂ ಕರಗಿರುತ್ತವೆ. ನೀರು ಗೋಡೆಯ ಮೈಯಿಂದ ಆರಿಹೋದ ಮೇಲೆ ಉಪ್ಪು ಬಿಳಿಯ ಹೂವಿನಂತೆ ಹೊರಗೆ ಉಳಿಯುತ್ತದೆ, ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಹಳೆಯ ಮಣ್ಣುಗೋಡೆಗೆ ಸುಣ್ಣದ ಗಾರೆಯಿದ್ದಾಗ ಒಳಗಿನ ತೇವ ಹೊರಗೆ ಹೋಗಲು ದಾರಿಯಿರುತ್ತಿತ್ತು. ಮನೆಯನ್ನು ‘ಗಟ್ಟಿ’ ಮಾಡುವ ಸದುದ್ದೇಶದಿಂದ ಅದರ ಮೇಲೆ ಸಿಮೆಂಟು ಬಳಿದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು, ಇನ್ನೂ ಮೇಲಕ್ಕೆ ಹತ್ತಿ, ಮಣ್ಣನ್ನು ಮೆತ್ತಗೆ ಮಾಡುತ್ತದೆ. ಹೊರಗೆ ನುಣುಪು, ಒಳಗೆ ಕೆಸರು. ಇಂಥ ಗೋಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ನಮ್ಮ ಇಂಜಿನಿಯರು ಗೋಡೆಗೆ ಕಿವಿಗೊಟ್ಟು ನಿಂತಿರುವುದನ್ನು ಕಂಡ ದಲ್ಲಾಳಿಗಳು ಮುಖ ಹಿಂಡುವುದಕ್ಕೆ ಇದೇ ಕಾರಣ.

ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಮದರಾಸು ತಾರಸಿಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಮರದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮಾಡು ಅದು. ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುತ್ತಿದ್ದರು. ಇಂಥ ತಾರಸಿಯ ಅಂಚಿನ ಗೋಡೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿಯ ಸಸಿಯೊಂದು ಮೊಳೆಯುತ್ತದೆ. ಎರಡೆಲೆಯ ಸಸಿಯನ್ನು ಕೀಳುವುದು ಬೆರಳುಗಳ ಕೆಲಸ. ಆದರೆ ಅಶ್ವತ್ಥವನ್ನು ಕೀಳುವವರಾರು? ಯಜಮಾನರು ಪಾಪಕ್ಕೆ ಅಂಜಿ ಸುಮ್ಮನಿರುತ್ತಾರೆ, ಸುಣ್ಣ ಹೊಡೆಯಲು ಬಂದ ಕೂಲಿಯವನೂ ಕೈಮುಗಿದು ಹಿಂದೆ ಸರಿಯುತ್ತಾನೆ. ಹತ್ತು ವರ್ಷಗಳಲ್ಲಿ ಬೇರು ತೋಳಿನ ಗಾತ್ರವಾಗಿ ಗೋಡೆಯನ್ನು ಸೀಳುತ್ತದೆ. ಇಂಜಿನಿಯರು ಇದಕ್ಕೆ ಒಂದು ಪರಿಹಾರ ಹೇಳುತ್ತಾರೆ. ಸಸಿಯನ್ನು ಎಳೆಯದಾಗಿರುವಾಗಲೇ ಬೇರುಸಹಿತ ಬಿಡಿಸಿ, ಕೆರೆಯ ಏರಿಯ ಬಳಿಯೋ ಗುಡಿಯ ಬಯಲಿನಲ್ಲಿಯೋ ನೆಟ್ಟುಬರುವುದು. ಹಾಗೆ ಮಾಡಿದರೆ ಪಾಪವೂ ಇಲ್ಲ, ಗೋಡೆಯೂ ಉಳಿಯುತ್ತದೆ.

ನೆಲದ ಉಸಿರು

ಬಿರುಕುಗಳನ್ನು ಓದುವುದೇ ಒಂದು ಅಕ್ಷರಾಭ್ಯಾಸ. ಗಾರೆ ಒಣಗುವಾಗ ಬಿಟ್ಟ ಕೂದಲೆಳೆಯ ಬಿರುಕು ಬರಿಯ ಚರ್ಮದ ಗೀರು, ಅದಕ್ಕೆ ಹೆದರಬೇಕಾಗಿಲ್ಲ. ಕಿಟಕಿಯ ಮೂಲೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುವ ಬಿರುಕು ತಳಪಾಯದ ವಾರ್ತೆಯನ್ನು ತಂದಿರುತ್ತದೆ. ಮನೆ ಮಾರುವವರು ಇಂಥ ಬಿರುಕಿನ ಮೇಲೆ ಸಾಮಾನ್ಯವಾಗಿ ಒಂದು ಕ್ಯಾಲೆಂಡರನ್ನು ತೂಗುಹಾಕಿರುತ್ತಾರೆ. ಅದು ಲಕ್ಷ್ಮಿಯ ಚಿತ್ರವಾದರೂ ಸರಿ, ಸಹಕಾರ ಸಂಘದ್ದಾದರೂ ಸರಿ, ಇಂಜಿನಿಯರು ಮೊದಲು ಎತ್ತಿನೋಡುವುದು ಕ್ಯಾಲೆಂಡರನ್ನೇ.

ಧಾರವಾಡ, ಗದಗ, ವಿಜಯಪುರದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕಾಲು ಹೋಗುವಷ್ಟು ಬಿರಿಯುತ್ತದೆ. ಆ ನೆಲದ ಮೇಲೆ ಆಳವಿಲ್ಲದ ತಳಪಾಯದಲ್ಲಿ ನಿಂತ ಮನೆ ವರ್ಷಕ್ಕೊಮ್ಮೆ ನೆಲದೊಡನೆ ಉಸಿರಾಡುತ್ತದೆ. ಚೈತ್ರ ವೈಶಾಖಗಳಲ್ಲಿ ಬಾಯ್ದೆರೆದ ಬಿರುಕು ಶ್ರಾವಣದಲ್ಲಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಆ ಸೀಮೆಯಲ್ಲಿ ಮಳೆಗಾಲ ಮುಗಿದೊಡನೆ ಮನೆ ನೋಡುವುದು ಬುದ್ಧಿವಂತಿಕೆಯಲ್ಲ. ಮೇ ತಿಂಗಳ ಬಿಸಿಲಿನಲ್ಲಿ ನೋಡಬೇಕು. ಬಿರುಕು ಇನ್ನೂ ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ: ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಎರಡು ತುದಿಗಳಲ್ಲಿ ಭದ್ರವಾಗಿ ಅಂಟಿಸಿ, ತೇದಿ ಬರೆದಿಡುವುದು. ಗೋಡೆ ಅಲುಗಾಡಿದರೆ ಗಾಜು ಒಡೆಯುತ್ತದೆ.

ಧಾರವಾಡದ ಒಂದು ಮನೆಯಲ್ಲಿ ಗಾಜಿನ ಅಗತ್ಯವೇ ಬೀಳಲಿಲ್ಲವಂತೆ. ಆ ಮನೆಯ ಯಜಮಾನರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಬಾಗಿಲಿನ ಚೌಕಟ್ಟಿನ ಒಂದು ಬದಿಗೆ ಮಕ್ಕಳನ್ನು ನಿಲ್ಲಿಸಿ ವರ್ಷ ವರ್ಷವೂ ಅವರ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ಇನ್ನೊಂದು ಬದಿಯ ಗೋಡೆಯಲ್ಲಿದ್ದ ಬಿರುಕಿನ ತುದಿಗೂ ಅದೇ ಪೆನ್ಸಿಲಿನಿಂದ ಗೆರೆ ಎಳೆದು ತೇದಿ ಹಾಕಿದ್ದರು. ಮಕ್ಕಳ ಗೆರೆಗಳು ಒಂದು ಎತ್ತರದಲ್ಲಿ ನಿಂತುಹೋಗಿದ್ದುವು. ಬಿರುಕಿನ ಗೆರೆಗಳು ಮಾಸ್ತರರು ಇರುವವರೆಗೂ ಮೇಲೇರುತ್ತಲೇ ಇದ್ದುವು. ಕೊನೆಯ ಗೆರೆಯಾದ ಮೇಲೂ ಬಿರುಕು ಮುಂದೆ ಹೋಗಿತ್ತು, ಗುರುತು ಮಾಡುವವರಿರಲಿಲ್ಲ. ಪಟ್ಟಣದಿಂದ ಬಂದಿದ್ದ ಮಗ ಆ ಗೋಡೆಗೆ ಬಣ್ಣ ಹೊಡೆಸುವ ಯೋಚನೆಯಲ್ಲಿದ್ದನು. “ಬಣ್ಣ ಆಮೇಲೆ ಹೊಡೆಸೋಣ, ಮೊದಲು ಇದನ್ನು ಬರಕೊಳ್ಳೋಣ” ಎಂದು ಇಂಜಿನಿಯರು ಆ ತೇದಿಗಳನ್ನೆಲ್ಲ ಪ್ರತಿ ಮಾಡಿಕೊಂಡರು. ಬಿರುಕು ಯಾವ ವರ್ಷ ಬೇಗ ಬೆಳೆದಿತ್ತು, ಯಾವ ವರ್ಷ ನಿಂತಿತ್ತು ಎಂಬುದೆಲ್ಲ ಅಲ್ಲಿತ್ತು. ಹಿತ್ತಿಲಿನ ಬಚ್ಚಲ ನೀರಿನ ಕಾಲುವೆ ಒಡೆದು ತಳಪಾಯಕ್ಕೆ ಹರಿಯತೊಡಗಿದ ವರ್ಷವನ್ನು ಮನೆಯವರು ನೆನಪಿಸಿಕೊಂಡಾಗ, ಬಿರುಕು ಬಿರುಸಾದ ವರ್ಷವೂ ಅದೇ ಆಗಿತ್ತು.

ಬಿರುಕನ್ನು ಓದುವ ಈ ವಿದ್ಯೆ ಒಂದು ಕುಟುಂಬದ ಮಾತಾಗಿ ಮುಗಿಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ 2009ರಲ್ಲಿಯೂ 2019ರಲ್ಲಿಯೂ ನೆರೆ ಬಂದು ಸಾವಿರಾರು ಮನೆಗಳು ಬಿದ್ದುವು. 2019ರ ನೆರೆಯ ತರುವಾಯ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಪೂರ್ತಿ ಹಾಳಾದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸರ್ಕಾರ ಗೊತ್ತುಮಾಡಿತು. ಮನೆ ನೋಡಲು ಹೋದವರು ಬರೆಯುವ ಒಂದು ಅಕ್ಷರದ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷಗಳು ನಿಂತಿದ್ದುವು. ಮಣ್ಣಿನ ಗೋಡೆಯ ಸ್ವಭಾವವೋ ಬೇರೆ. ನೆರೆಯ ನೀರಿನಲ್ಲಿ ಬುಡ ನೆನೆದ ಗೋಡೆ ನೋಡಿದ ದಿನ ನೆಟ್ಟಗೆ ನಿಂತಿರುತ್ತದೆ. ನೀರು ಇಳಿದು, ಬಿಸಿಲು ಬಿದ್ದು, ವಾರವೋ ಹತ್ತು ದಿನವೋ ಕಳೆದ ಮೇಲೆ ತನಗೆ ತೋಚಿದ ರಾತ್ರಿ ಕುಸಿಯುತ್ತದೆ. ಅಕ್ಷರ ಬರೆಯುವುದು ಒಂದು ದಿನ, ಗೋಡೆ ಬೀಳುವುದು ಇನ್ನೊಂದು ದಿನ. “ನಿಂತ ಗೋಡೆಗೆ ತೂಕದ ಗುಂಡು ಹಿಡಿದು, ಬುಡದ ಮಣ್ಣನ್ನು ಉಗುರಿನಿಂದ ಕೆರೆದು ನೋಡದೆ ಬರೆಯಬಾರದು” ಎಂಬುದು ಇಂಜಿನಿಯರ ನಿಶ್ಚಿತವಾದ ಅಭಿಪ್ರಾಯ. ಉಗುರು ಸಲೀಸಾಗಿ ಇಳಿದರೆ ಆ ಗೋಡೆಯ ಪಕ್ಕದಲ್ಲಿ ಮಕ್ಕಳನ್ನು ಮಲಗಿಸಬಾರದು.

ಸದ್ದಿನ ಮನೆಗಳು

ಮನೆ ನೋಡುವವರ ಅನುಭವದಲ್ಲಿ ದೆವ್ವಗಳಿಗೂ ಒಂದು ಅಧ್ಯಾಯವುಂಟು. ಹಗಲೆಲ್ಲ ಕಾದ ತಗಡಿನ ಮಾಡು ರಾತ್ರಿ ತಣ್ಣಗಾಗುವಾಗ ಕುಗ್ಗಿ ಢಣ್ ಎನ್ನುತ್ತದೆ. ಹಳೆಯ ಜಂತೆಗಳು ಚಳಿಗೆ ಲಟಲಟನೆ ನೆಟಿಗೆ ಮುರಿಯುತ್ತವೆ. ಅಟ್ಟದ ಮೇಲೆ ಯಾರೋ ನಡೆದಾಡುವ ಸದ್ದು ಮಲೆನಾಡಿನಲ್ಲಿ ಬಹುಪಾಲು ಪುನುಗು ಬೆಕ್ಕಿನದಾಗಿರುತ್ತದೆ.

ಒಂದು ಹಳೆಯ ಬೀದಿಯ ಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಮೇಲೆ ಒಮ್ಮೆ, ನಸುಕಿನಲ್ಲಿ ಒಮ್ಮೆ, ಯಾರೋ ಗೋಡೆಯನ್ನು ಮೂರು ಬಾರಿ ಗುದ್ದಿದಂತೆ ಸದ್ದಾಗುತ್ತಿತ್ತು. ಬಾಡಿಗೆಗೆ ಬಂದವರು ತಿಂಗಳೊಳಗೆ ಗಂಟುಮೂಟೆ ಕಟ್ಟುತ್ತಿದ್ದರು. ಕೊನೆಗೆ ವಿಧವೆಯಾದ ಮುದುಕಿಯೊಬ್ಬರು, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನೊಡನೆ ಬಂದು ನೆಲೆನಿಂತರು. ಬಾಡಿಗೆ ಅರ್ಧಕ್ಕೆ ಇಳಿದಿತ್ತು. ಮಾಲೀಕರು ಮನೆಯನ್ನು ಮಾರುವ ಯೋಚನೆಯಿಂದ ಇಂಜಿನಿಯರನ್ನು ಕರೆಸಿದರು. ಒಂದು ರಾತ್ರಿ ಅಲ್ಲಿಯೇ ಕುಳಿತಿದ್ದು ನೋಡಿದಾಗ ದೆವ್ವದ ಜಾತಕ ತಿಳಿಯಿತು. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಪಕ್ಕದವರು ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುತ್ತಿದ್ದುದು ಆ ಎರಡು ಹೊತ್ತಿನಲ್ಲಿ. ಪಂಪು ನಿಂತೊಡನೆ ಕೊಳವೆಯೊಳಗಿನ ನೀರು ಹಿಂದಕ್ಕೆ ಬಿದ್ದು ಕವಾಟವನ್ನು ಅಪ್ಪಳಿಸುತ್ತಿತ್ತು. ಗೋಡೆಗೆ ಬಿಗಿದಿದ್ದ ಕೊಳವೆಯ ಪಟ್ಟಿ ಸಡಿಲವಾಗಿ, ಕೊಳವೆ ಗೋಡೆಗೆ ಬಡಿಯುತ್ತಿತ್ತು.

ಬೆಳಿಗ್ಗೆ ಕಾಫಿ ಕೊಡುತ್ತ ಆ ಮುದುಕಿ ಮೆಲ್ಲನೆ ಹೇಳಿದರಂತೆ: “ಅದು ಪಕ್ಕದ ಮನೆ ಪಂಪು ಅಂತ ನನಗೆ ಬಂದ ವಾರದಲ್ಲೇ ಗೊತ್ತಾಯ್ತಪ್ಪ. ದೆವ್ವ ಹೋದ್ರೆ ಬಾಡಿಗೆ ಏರುತ್ತೆ. ಇನ್ನೆರಡು ವರ್ಷ, ಹುಡುಗನ ಓದು ಮುಗಿಯೋವರೆಗೆ, ಅದರ ಪಾಡಿಗೆ ಅದು ಇರಲಿ ಬಿಡು.”

ಇಂಜಿನಿಯರು ಪೇಚಿಗೆ ಸಿಕ್ಕಿದರು. ವರದಿಯಲ್ಲಿ ಸುಳ್ಳು ಬರೆಯುವ ಹಾಗಿಲ್ಲ. ಕೊಳವೆಯ ಪಟ್ಟಿಯನ್ನು ಬಿಗಿ ಮಾಡಿಸಬೇಕೆಂದು ಇದ್ದದ್ದನ್ನೇ ಬರೆದರು. ಆದರೆ ವರದಿಯನ್ನು ಕೈಗೆ ಕೊಡುವಾಗ, ಯಾರೂ ಕಾಲಿಡದಿದ್ದ ಮನೆಯಲ್ಲಿ ದೀಪ ಹಚ್ಚಿಟ್ಟು ಅದನ್ನು ಹಾಳುಬೀಳದಂತೆ ಕಾದವರು ಆ ತಾಯಿಯೆಂಬುದನ್ನು ಮಾಲೀಕರಿಗೆ ಬಾಯಿಮಾತಿನಲ್ಲಿ ತಿಳಿಸಿದರು. ಬಾಡಿಗೆ ಏರಿತೋ ಇಲ್ಲವೋ ಎಂದು ವಿಚಾರಿಸುವುದಕ್ಕೆ ಅವರಿಗೆ ಇಂದಿಗೂ ಧೈರ್ಯ ಬಂದಿಲ್ಲ.

ಗಾಳಿಯ ಕಿಂಡಿ

ಇದುವರೆಗೆ ಹೇಳಿದ ತೊಂದರೆಗಳಲ್ಲಿ ಬಹಳಷ್ಟು ಹಣಕ್ಕೆ, ನೆಮ್ಮದಿಗೆ ಸಂಬಂಧಿಸಿದವು. ಇನ್ನು ಹೇಳುವುದು ಪ್ರಾಣಕ್ಕೆ ಸಂಬಂಧಿಸಿದ್ದು.

ಹಳೆಯ ಬಚ್ಚಲು ಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಹತ್ತುತ್ತಿತ್ತು. ಆದ್ದರಿಂದ ಕಟ್ಟಿದವರು ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿಯನ್ನೋ ಮಾಡಿನಲ್ಲಿ ಹೊಗೆಗಂಡಿಯನ್ನೋ ಮರೆಯದೆ ಬಿಡುತ್ತಿದ್ದರು. ಈಗ ಆ ಜಾಗಕ್ಕೆ ಗ್ಯಾಸ್ ಗೀಸರು ಬಂದಿದೆ. ಹೊಗೆಯಿಲ್ಲ, ಮಸಿಯಿಲ್ಲ. ಹೊಗೆಯಿಲ್ಲದ ಮೇಲೆ ಕಿಂಡಿಯೇಕೆ? ಸೊಳ್ಳೆ ಬರುತ್ತದೆ, ಚಳಿಗಾಳಿ ಬರುತ್ತದೆ ಎಂದು ಹಲಗೆ ಹೊಡೆದು ಮುಚ್ಚುತ್ತಾರೆ. ಅನಿಲ ಉರಿಯುವುದಕ್ಕೆ ಆಮ್ಲಜನಕ ಬೇಕು. ಮುಚ್ಚಿದ ಪುಟ್ಟ ಕೋಣೆಯಲ್ಲಿ ಅದು ಕಡಿಮೆಯಾದಂತೆ ಉರಿ ಅಪೂರ್ಣವಾಗಿ, ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಿಗಿಯಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲು ಸೋತು, ಚಿಲಕ ತೆಗೆಯಬೇಕೆಂದರೂ ಶಕ್ತಿಯಿರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲವೆಂಬ ವಾರ್ತೆಯನ್ನು ನಮ್ಮ ನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ.

ನಾವೂ ಜೊತೆಯಲ್ಲಿದ್ದ ಒಂದು ಮನೆಯ ಪ್ರಸಂಗ ಇದು. ಕೊಳ್ಳಲು ಬಂದವರು ಹೊಸದಾಗಿ ಸಂಸಾರ ಹೂಡಿದ ದಂಪತಿಗಳು. ಹೊಳೆಯುವ ಹಂಚುಗಳ ಬಚ್ಚಲನ್ನು ಕಂಡು ಅವರಿಗೆ ಸಂತೋಷವಾಗಿತ್ತು. ಇಂಜಿನಿಯರು ಟಾರ್ಚನ್ನು ಮೇಲಕ್ಕೆ ಹಿಡಿದರು. ಗೀಸರಿನ ಮೇಲ್ಗಡೆ ಗೋಡೆ ನಸುಗಪ್ಪಾಗಿತ್ತು. ಅದರ ಪಕ್ಕದಲ್ಲಿ, ಗೋಡೆಯದೇ ಬಣ್ಣ ಬಳಿದ ಒಂದು ಚೌಕದ ಹಲಗೆ. ಅವರು ಮಾರುವ ಯಜಮಾನರ ಕಡೆಗೆ ತಿರುಗಿ, “ಇಲ್ಲಿ ಸ್ನಾನ ಮಾಡಿದವರಿಗೆ ಯಾರಿಗಾದರೂ ತಲೆ ಸುತ್ತುತ್ತದೆಯೆ?” ಎಂದು ಕೇಳಿದರು. ಯಜಮಾನರು ಇಲ್ಲವೆಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ವೃದ್ಧ ತಾಯಿ, “ನನಗೆ ಸುತ್ತುತ್ತೆ ಕಣಪ್ಪ. ಚಳಿಗಾಲ ಬಂತು ಅಂದ್ರೆ ನೀರು ಹಾಕ್ಕೊಂಡು ಬಂದು ಒಂದು ಗಂಟೆ ಮಲಗಬೇಕು. ಪಿತ್ತ ಅಂತ ಡಾಕ್ಟರ ಹತ್ತಿರ ಔಷಧಿ ತಗೋತಾ ಇದೀನಿ” ಎಂದರು.

ಕೆಲವು ಕ್ಷಣ ಯಾರೂ ಮಾತನಾಡಲಿಲ್ಲ. ಇಂಜಿನಿಯರು ಸುತ್ತಿಗೆಯ ಹಿಂಬದಿಯನ್ನು ಹಲಗೆಯ ಸಂದಿಗೆ ತೂರಿಸಿ ಎಬ್ಬಿಸಿದರು. ಹಲಗೆ ಬಿತ್ತು, ಅದರ ಹಿಂದಿನಿಂದ ಒಣಗಿದ ಗುಬ್ಬಚ್ಚಿ ಗೂಡೊಂದು ಉದುರಿತು, ಆಮೇಲೆ ಬೆಳಕು ಬಂತು. ದಲ್ಲಾಳಿಗೆ ಸಹನೆ ತಪ್ಪಿತು. “ಸ್ವಾಮಿ, ತಾವು ಮನೆ ನೋಡೋಕೆ ಬಂದಿದ್ದೀರೋ, ಮುರಿಯೋಕೆ ಬಂದಿದ್ದೀರೋ?” ಎಂದು ಕೇಳಿದನು. ಉತ್ತರ ಕೊಟ್ಟವರು ಮಾರುವ ಯಜಮಾನರು: “ಸುಮ್ಮನಿರಪ್ಪ” ಎಂದರು. ಅವರು ತಾಯಿಯ ಮುಖವನ್ನೇ ನೋಡುತ್ತಿದ್ದರು. ಗೀಸರನ್ನು ಬಚ್ಚಲಿನ ಹೊರಗಡೆ, ಗಾಳಿಯಾಡುವ ಹಿತ್ತಿಲ ಗೋಡೆಗೆ ಹಾಕಿಸುವುದೆಂದು ಆ ದಿನವೇ ಗೊತ್ತಾಯಿತು. ಮನೆಯ ವ್ಯಾಪಾರ ಕುದುರಿತೆ ಎಂಬ ಪ್ರಶ್ನೆ ನಮಗೆ ಆಮೇಲೆ ಮುಖ್ಯವಾಗಿ ತೋರಲಿಲ್ಲ.

ಸುಣ್ಣದ ದಿನಗಳು

ಇಷ್ಟೆಲ್ಲ ನೋಡಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಹಿಂದಿನ ಕಾಲದಲ್ಲಿ ಮನೆ ನೋಡುವವರೆಂಬ ಪ್ರತ್ಯೇಕ ಜನ ಇರಲಿಲ್ಲವಲ್ಲ. ಆಗ ಈ ಕೆಲಸವನ್ನು ಮಾಡುತ್ತಿದ್ದವರಾರು?

ಯುಗಾದಿಗೋ ಗೌರಿಹಬ್ಬಕ್ಕೋ ದೀಪಾವಳಿಗೋ ವರ್ಷಕ್ಕೊಮ್ಮೆ ಸುಣ್ಣ ಹೊಡೆಯುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲ ಬಲ್ಲರು. ಸುಣ್ಣ ಹೊಡೆಯಬೇಕಾದರೆ ಗೋಡೆಗೆ ತಾಗಿದ ಪೆಟ್ಟಿಗೆ, ಪಾತ್ರೆ, ಚಿತ್ರಪಟ ಎಲ್ಲವನ್ನೂ ಈಚೆಗೆ ಎಳೆಯಬೇಕು. ಗೋಡೆಯ ಒಂದೊಂದು ಗೇಣಿನ ಮೇಲೂ ಕೈಯಾಡಬೇಕು. ಪೆಟ್ಟಿಗೆಯ ಹಿಂದೆ ಗೆದ್ದಲು ಕಟ್ಟಿದ ಮಣ್ಣಿನ ದಾರಿ, ಪಟದ ಹಿಂದೆ ಬಿರುಕು, ಮೂಲೆಯಲ್ಲಿ ಹೆಗ್ಗಣದ ಬಿಲ ಎಲ್ಲವೂ ಆ ದಿನ ಹೊರಬೀಳುತ್ತಿದ್ದುವು. ಕೆಮ್ಮಣ್ಣಿನ ಕಾರಣೆ ಎಳೆಯುವ ಮೊದಲು ಅವುಗಳಿಗೆ ಮದ್ದೂ ಆಗುತ್ತಿತ್ತು. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಮಾಡನ್ನೇರಿ ಹಂಚು ಕೈಯಾಡಿಸುತ್ತಿದ್ದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದು, ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು ಮನೆಮನೆಗೂ ಬಂದ ಮೇಲೆ ಆ ಕೆಲಸ ಹಗುರವಾಯಿತೇ ಹೊರತು ನಿಲ್ಲಲಿಲ್ಲ. ಬಯಲುಸೀಮೆಯ ಮಾಳಿಗೆಗಳ ಮೇಲೆ ವರ್ಷ ವರ್ಷವೂ ಹೊಸ ಮಣ್ಣು ಹಾಕುತ್ತಿದ್ದರು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ನೆಲ ಸಾರಿಸುವುದು. ಸಗಣಿಯ ನೀರಿನಲ್ಲಿ ಅದ್ದಿದ ಕೈ ಎರಡು ಮೂರು ದಿನಕ್ಕೊಮ್ಮೆ ಮನೆಯ ನೆಲದ ಪ್ರತಿಯೊಂದು ಅಂಗುಲವನ್ನೂ ಸವರಿಕೊಂಡು ಹೋಗುತ್ತಿತ್ತು. ಎಲ್ಲಿ ತಗ್ಗಾಯಿತು, ಎಲ್ಲಿ ತೇವ ಏರಿತು, ಎಲ್ಲಿ ಇರುವೆ ಹೊರಟಿತು ಎಂಬುದು ಆ ಕೈಗೆ ಕಣ್ಣಿಗಿಂತ ಮೊದಲು ತಿಳಿಯುತ್ತಿತ್ತು. ನಮ್ಮ ಅಜ್ಜಿಯರು ಸಂಬಳವಿಲ್ಲದ ಪರೀಕ್ಷಕರಾಗಿದ್ದರು. ಅವರ ವರದಿ ಯಾವ ಕಡತದಲ್ಲಿಯೂ ಉಳಿದಿಲ್ಲ.

ಆ ಕಾಲ ಮರಳಿ ಬರಲಿ ಎಂದು ಹಾರೈಸುವುದು ಕ್ರೂರತನವಾದೀತು. ಮಂಡಿಯೂರಿ ನೆಲ ಸಾರಿಸಿ ಬೆನ್ನು ಬಾಗಿಸಿಕೊಂಡವರ ನೋವನ್ನು ಬಲ್ಲ ಯಾರೂ ಹಾಗೆ ಬಯಸಲಾರರು. ಹತ್ತು ವರ್ಷ ಬಾಳುವ ಬಣ್ಣ, ಒರೆಸಿದರೆ ಹೊಳೆಯುವ ನೆಲ ಇವು ಸಂಸಾರದ ಹೊರೆಯನ್ನು ಇಳಿಸಿವೆ. ಇಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಆ ದುಡಿಮೆಯೊಳಗೆ ನೋಟವೊಂದು ಅಡಗಿತ್ತು. ಹೊರೆಯನ್ನು ಇಳಿಸಿದವರು ನೋಟವನ್ನೂ ಅದರ ಜೊತೆಯಲ್ಲಿಯೇ ಇಳಿಸಿಬಿಟ್ಟೆವು. ಕೆಲಸ ಮಾಡುತ್ತ ಕಾಣುತ್ತಿದ್ದುದನ್ನು ಈಗ ಕಾಣುವುದಕ್ಕಾಗಿಯೇ ಸಮಯವಿಟ್ಟು ಕಾಣಬೇಕಾಗಿದೆ.

ಅದಕ್ಕೆ ಇಂಜಿನಿಯರೇ ಬರಬೇಕೆಂದಿಲ್ಲ. ಜೂನ್ ತಿಂಗಳ ಮೊದಲ ದೊಡ್ಡ ಮಳೆ ನಿಂತ ಮರುದಿನ ಒಂದು ಟಾರ್ಚು ಹಿಡಿದು, ಮಕ್ಕಳನ್ನೂ ಕರೆದುಕೊಂಡು, ಅರ್ಧ ಗಂಟೆ ಮನೆಯನ್ನು ಸುತ್ತಿದರೆ ಸಾಕು. ತಾರಸಿಯಲ್ಲಿ ನೀರು ಎಲ್ಲಿ ನಿಂತಿದೆ, ಅಂಚಿನ ಗೋಡೆಯಲ್ಲಿ ಏನು ಚಿಗುರಿದೆ, ಗೋಡೆಯ ಬುಡ ಎಷ್ಟು ಎತ್ತರದವರೆಗೆ ನೆನೆದಿದೆ, ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೆ, ಬಚ್ಚಲಿನ ಕಿಂಡಿ ತೆರೆದಿದೆಯೆ ಎಂದು ನೋಡಬೇಕು. ಕೈ ಜುಮ್ಮೆಂದರೆ ಅದೇ ದಿನ ವಿದ್ಯುತ್ ಕೆಲಸದವರನ್ನು ಕರೆಸಬೇಕು. ಎತ್ತರದಲ್ಲಿರುವವರನ್ನೂ ಹಾಸಿಗೆ ಹಿಡಿದವರನ್ನೂ, ಎಂದರೆ ಮಹಡಿಯ ನೆರೆಯವರನ್ನೂ ಮನೆಯ ಹಿರಿಯರನ್ನೂ, ಒಂದು ಮಾತು ಕೇಳಬೇಕು. ಮನೆಯ ಎಷ್ಟೋ ಸಮಾಚಾರ ಅವರಲ್ಲಿ ಕೇಳುವವರಿಲ್ಲದೆ ಕುಳಿತಿರುತ್ತದೆ. ಹೊರಡುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರನ್ನು ಒಮ್ಮೆ ಎತ್ತಿ ನೋಡುವುದನ್ನು ಮರೆಯಬಾರದು. ಹಿಂದೆ ಬಿರುಕು ಕಂಡರೆ ಪೆನ್ಸಿಲಿನಲ್ಲಿ ತುದಿಗೊಂದು ಗೆರೆ ಎಳೆದು, ತೇದಿ ಬರೆದಿಡುವುದು. ಮುಂದಿನ ವರ್ಷ ನೋಡುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.